ಪುಟ್ಟ ರೋಬೊಗೆ ಮೋಟಾರ್ ಡ್ರೈವರ್ ಜೋಡಿಸುವುದು ಹೇಗೆ?

ಶಾಲೆಗಳ ವಿಜ್ಞಾನ ಮೇಳದಲ್ಲಿ ಮಕ್ಕಳು ತಂದಿಟ್ಟ ರೋಬೊ ಕಾರು ಮಿಸುಕದೆ ಕೂತಿದ್ದರೆ ನಾನು ಮೊದಲು ನೋಡುವುದು ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹಾಯಿಸುವ ಡ್ರೈವರ್ ಬೋರ್ಡಿನ ಮೂರು ಸ್ಕ್ರೂಗಳ ಟರ್ಮಿನಲ್ಲನ್ನು. ಪ್ರೋಗ್ರಾಂ ಸರಿಯಿರುತ್ತದೆ, ಮೋಟಾರೂ ಸರಿಯಿರುತ್ತದೆ, ಎಡವಟ್ಟಾಗುವುದು ಅಲ್ಲಿಯೇ.

ಮೊದಲ ರೋಬೊಗೆ ಎಲ್298ಎನ್ ಡ್ರೈವರ್ ಬೋರ್ಡನ್ನೇ ಕೊಳ್ಳಿ. ದೊಡ್ಡ ಹೀಟ್ ಸಿಂಕ್ ಹೊತ್ತ, ಸಾಮಾನ್ಯವಾಗಿ ಕೆಂಪು ಬಣ್ಣದ ಬೋರ್ಡು ಅದು. ಪ್ರೋಗ್ರಾಂ ಓಡಿಸುವ ಆರ್ಡುಯಿನೊ ಊನೊ ಬೋರ್ಡಿನ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು. ಹಳದಿ ಗೇರ್ ಮೋಟಾರ್ ಅದರ ಹಲವು ಪಟ್ಟು ಬೇಡುತ್ತದೆ. ಮೋಟಾರನ್ನು ನೇರವಾಗಿ ಪಿನ್ನಿಗೆ ಸಿಕ್ಕಿಸಲೇಬೇಡಿ.

ಬ್ಯಾಟರಿಯಲ್ಲಿ ಜಿಪುಣತನ ಬೇಡ. 9 ವೋಲ್ಟಿನ ಚೌಕ ಬ್ಯಾಟರಿ ಎರಡು ಮೋಟಾರುಗಳ ಹೊರೆಗೆ ಕುಸಿದುಬಿಡುತ್ತದೆ. 18650 ಗಾತ್ರದ ಎರಡು ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 7.4 ವೋಲ್ಟ್ ಸಿಗುತ್ತದೆ. ಹಳೆಯ ಕಾಲದ ಈ ಚಿಪ್ ತಾನೇ ಸುಮಾರು 2 ವೋಲ್ಟ್ ನುಂಗಿದರೂ ಮೋಟಾರಿಗೆ ಬೇಕಾದಷ್ಟು ಉಳಿಯುತ್ತದೆ. ಸೆಲ್ ಮೇಲೆ 9900 ಎಂಎಎಚ್ ಎಂದು ಅಚ್ಚಾಗಿದ್ದರೆ ಅಂಗಡಿಯವರಿಗೆ ವಾಪಸು ಕೊಡಿ. ಈ ಗಾತ್ರದ ಒಳ್ಳೆಯ ಸೆಲ್ಲೂ 3500ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಹಂತ 1: ಮೋಟಾರುಗಳ ತಂತಿಗಳನ್ನು ಬೋರ್ಡಿನ ಎರಡು ಬದಿಯ ಔಟ್ ಟರ್ಮಿನಲ್‌ಗಳಿಗೆ ಬಿಗಿಯಿರಿ.

ಹಂತ 2: ಇಲ್ಲಿ ಅವಸರ ಬೇಡ. ಮೂರು ಸ್ಕ್ರೂಗಳ ಪಕ್ಕದಲ್ಲಿ 12 ವೋಲ್ಟ್, ಗ್ರೌಂಡ್, 5 ವೋಲ್ಟ್ ಎಂದಿರುತ್ತದೆ. ಮೊದಲನೆಯದಕ್ಕೆ ಬ್ಯಾಟರಿಯ ಪ್ಲಸ್; 12 ವೋಲ್ಟೇ ಬೇಕೆಂದೇನಿಲ್ಲ, 7.4 ಸಾಕು. ಗ್ರೌಂಡಿಗೆ ಎರಡು ತಂತಿಗಳು ಬರಬೇಕು: ಬ್ಯಾಟರಿಯ ಮೈನಸ್ ಒಂದು, ಊನೊದ ಗ್ರೌಂಡ್ ಪಿನ್ನಿನಿಂದ ಇನ್ನೊಂದು. ಬಹಳಷ್ಟು ಮಂದಿ ಮರೆಯುವುದು ಈ ಎರಡನೆಯದನ್ನು. ಊನೊ ಕಳಿಸುವ 5 ವೋಲ್ಟಿನ ಸಂಕೇತವನ್ನು ಡ್ರೈವರ್ ತನ್ನ ಗ್ರೌಂಡಿನಿಂದ ಅಳೆಯುತ್ತದೆ. ಎರಡರ ಗ್ರೌಂಡೂ ಒಂದಾಗದಿದ್ದರೆ ಆ ಸಂಕೇತಕ್ಕೆ ಅರ್ಥವಿಲ್ಲ. ಮೋಟಾರ್ ಸುಮ್ಮನಿರುತ್ತದೆ, ಇಲ್ಲವೇ ತೋಚಿದಂತೆ ಅದುರುತ್ತದೆ.

ಎರಡೂ ತಂತಿಗಳ ತುದಿ ಸುಲಿದು, ಎಳೆಗಳನ್ನು ಒಟ್ಟಿಗೆ ಹೊಸೆದು, ಒಂದೇ ತೂತಿಗೆ ತೂರಿಸಿ ಸ್ಕ್ರೂ ಬಿಗಿಯಿರಿ. ಒಂದು ಎಳೆಯೂ ಹೊರಗೆ ಚಾಚಿ ಪಕ್ಕದ ಟರ್ಮಿನಲ್ಲನ್ನು ಮುಟ್ಟಬಾರದು. ಒಂದೊಂದನ್ನೇ ಮೆಲ್ಲಗೆ ಎಳೆದು ನೋಡಿ. ಬ್ಯಾಟರಿ ಹಾಕುವ ಮೊದಲೇ ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿ, ಬ್ಯಾಟರಿ ಪೆಟ್ಟಿಗೆಯ ಮೈನಸ್ ತಂತಿ ಮತ್ತು ಊನೊದ ಗ್ರೌಂಡ್ ಮುಟ್ಟಿಸಿ. ಸದ್ದು ಬಾರದಿದ್ದರೆ ಮುಂದಕ್ಕೆ ಹೋಗಬೇಡಿ.

5 ವೋಲ್ಟಿನ ಸ್ಕ್ರೂ, ಪಕ್ಕದ ಜಂಪರ್ (ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ಟೋಪಿ) ಇರುವವರೆಗೆ, ವಿದ್ಯುತ್ ಹೊರಕೊಡುವ ಜಾಗ. ಅಲ್ಲಿಂದ ಊನೊದ 5 ವೋಲ್ಟ್ ಪಿನ್ನಿಗೆ ತಂತಿ ಎಳೆಯಬಹುದು. ಯುಎಸ್‌ಬಿ ಚುಚ್ಚುವಾಗ ಮಾತ್ರ ಆ ತಂತಿಯನ್ನು ಬಿಚ್ಚಿಡಿ. ಬ್ಯಾಟರಿ 12 ವೋಲ್ಟ್ ಮೀರಿದರೆ ಜಂಪರ್ ತೆಗೆದು 5 ವೋಲ್ಟನ್ನು ಬೇರೆಡೆಯಿಂದ ಕೊಡಬೇಕು.

ಹಂತ 3: ವೇಗ ನಿಯಂತ್ರಿಸುವ ಎನ್ಎ, ಎನ್‌ಬಿ ಜಂಪರ್‌ಗಳನ್ನು ಕಿತ್ತು, ಚಿಪ್ಪಿಗೆ ಹೋಗುವ ಪಿನ್ನುಗಳನ್ನು ಊನೊದ 5 ಮತ್ತು 6ಕ್ಕೆ ಕೊಡಿ. 9, 10 ಬೇಡ. ಮುಂದೆ ಸರ್ವೊ ಮೋಟಾರಿನ ಲೈಬ್ರರಿ (ಸಿದ್ಧ ಕೋಡ್) ಸೇರಿಸಿದರೆ ಅಲ್ಲಿ ವೇಗ ನಿಯಂತ್ರಣ ಕೈಕೊಡುತ್ತದೆ. ತಿರುಗುವ ದಿಕ್ಕು ಹೇಳುವ ನಾಲ್ಕು ಇನ್ ಪಿನ್ನುಗಳು 2, 4, 7, 8ಕ್ಕೆ.

ಹಂತ 4: ಚಕ್ರಗಳು ನೆಲ ಮುಟ್ಟದಂತೆ ಕಾರನ್ನು ಎತ್ತಿಟ್ಟು ಪ್ರೋಗ್ರಾಂ ಓಡಿಸಿ. ವೇಗವನ್ನು, ಗರಿಷ್ಠ 255ರಲ್ಲಿ, 150ರಿಂದ ಶುರುಮಾಡಿ. ಒಂದು ಚಕ್ರ ಹಿಂದಕ್ಕೆ ತಿರುಗಿದರೆ ಪ್ರೋಗ್ರಾಂ ಕೆದಕಬೇಡಿ. ಆ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ.

ಎರಡನೇ ರೋಬೊಗೆ ಟಿಬಿ6612 ಡ್ರೈವರ್ ಕೊಳ್ಳಿ. ಅದು ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರುಗಳ ಚಿಪ್ ಆದ್ದರಿಂದ ವೋಲ್ಟೇಜ್ ನಷ್ಟ ತೀರಾ ಕಡಿಮೆ. ಅದರ ಸ್ಟ್ಯಾಂಡ್‌ಬೈ ಪಿನ್ನನ್ನು 5 ವೋಲ್ಟಿಗೆ ಕಟ್ಟಿ. ಇಲ್ಲವಾದರೆ ಮೋಟಾರ್ ತಿರುಗುವುದಿಲ್ಲ.