ಒಂದೇ ಪ್ಲೇಟಿನಲ್ಲಿ ಎರಡು ಲೆಕ್ಕ: ಇನ್ಸುಲಿನ್ ಮತ್ತು ಕೊಬ್ಬಿನ ಕೋಶ

ಕೊಬ್ಬಿನ ಕೋಶಕ್ಕೆ ಎಣ್ಣೆ ತುಂಬಿಟ್ಟುಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಬದಿಯಡ್ಕದಲ್ಲಿರುವ ನಮ್ಮ ಮನೆಯವರು ಈಗಲೂ ಅಂದುಕೊಂಡಿದ್ದಾರೆ. ಪೆರಿಯದ ಲ್ಯಾಬಿನಲ್ಲಿ ನಾನು ನೋಡುವುದೇ ಬೇರೆ. ಅದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ, ಅಡಿಪೊನೆಕ್ಟಿನ್‌ನಂಥ ಪ್ರೋಟೀನುಗಳನ್ನು ಹೊರಗೆ ಬಿಡುತ್ತದೆ. ಇನ್ಸುಲಿನ್ ಬಂದರೆ ಎರಡೂ ಜೋರಾಗುತ್ತವೆ. ಈ ಎರಡನ್ನೂ ಒಂದೇ ಪ್ಲೇಟಿನಲ್ಲಿ, ಅಂದರೆ ವೆಲ್ ಎಂಬ ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ, ಅಳೆಯುವುದು ನನ್ನ ಕೆಲಸ.

ನಾನು ಬೆಳೆಸುವುದು ಇಲಿಯ 3ಟಿ3-ಎಲ್1 ಕೋಶಗಳನ್ನು. ಅವು ಪ್ಲೇಟ್ ತುಂಬಿ ಎರಡು ದಿನವಾದ ಮೇಲೆ, ಕೊಬ್ಬಿನ ಕೋಶಗಳಾಗಿ ಬದಲಾಗಲೆಂದು ಐಬಿಎಂಎಕ್ಸ್, ಡೆಕ್ಸಾಮೆಥಸೋನ್ ಎಂಬ ಔಷಧಗಳನ್ನೂ ಇನ್ಸುಲಿನ್ನನ್ನೂ ಕೊಡುತ್ತೇನೆ. ಎಂಟು-ಹತ್ತು ದಿನದಲ್ಲಿ ಮೈಕ್ರೋಸ್ಕೋಪಿನಡಿ ಎಣ್ಣೆಹನಿಗಳು ಮಿನುಗತೊಡಗುತ್ತವೆ. ಮಳೆಗಾಲದಲ್ಲಿ ಜನರೇಟರಿಗೆ ಡೀಸೆಲ್ ಇದೆಯಾ ಎಂದು ನೋಡದೆ ಇದಕ್ಕೆ ಕೈ ಹಾಕುವುದಿಲ್ಲ. ಎಣ್ಣೆ ತುಂಬಿದ ಕೋಶ ಸುಲಭವಾಗಿ ಕಿತ್ತು ಬರುತ್ತದೆ. ಹಾಗಾಗಿ ತೊಳೆಯುವ ಬಫರ್ 37 ಡಿಗ್ರಿ ಬೆಚ್ಚಗಿರಬೇಕು, ಪಿಪೆಟ್ಟಿನ ತುದಿಯನ್ನು ವೆಲ್‌ನ ಗೋಡೆಗೆ ತಾಗಿಸಿ ನಿಧಾನ ಬಿಡಬೇಕು.

ಇನ್ನು ಹಸಿವು. ಇಡೀ ಪ್ರಯೋಗ ನಿಂತಿರುವುದು ಇದರ ಮೇಲೆ. ಸೀರಮ್ (ರಕ್ತದ ತಿಳಿಭಾಗ) ಇಲ್ಲದ ಮೀಡಿಯಾದಲ್ಲಿ, ಅಂದರೆ ಕೋಶ ಬೆಳೆಸುವ ದ್ರವದಲ್ಲಿ, ಎರಡು-ಮೂರು ಗಂಟೆ ಬಿಡುತ್ತೇನೆ. "ಅಕ್ಕಾ, ಇನ್ಸುಲಿನ್ ಹಾಕದ ವೆಲ್‌ನಲ್ಲೂ ಸಕ್ಕರೆ ಜಾಸ್ತಿ ಒಳಗೆ ಹೋಗಿದೆಯಲ್ಲಾ?" ಎಂದು ಜೊತೆಯ ಹುಡುಗಿ ಕೇಳಿದರೆ ನಾನು ಮೊದಲು ಕೇಳುವುದು, "ಎಷ್ಟು ಹೊತ್ತು ಹಸಿವಿಗೆ ಬಿಟ್ಟೆ?" ಸಕ್ಕರೆ ಸಾಗಿಸುವ ಗ್ಲುಟ್4 ಎಂಬ ಪ್ರೋಟೀನು ಹಸಿವಿನಲ್ಲಿ ಹೆಚ್ಚಾಗಿ ಕೋಶದ ಒಳಗೇ ಇರುತ್ತದೆ. ಇನ್ಸುಲಿನ್ ತಗುಲಿದ ಕೆಲವೇ ನಿಮಿಷಗಳಲ್ಲಿ ಹೊರಪೊರೆಗೆ ಬರುತ್ತದೆ. ಸಾಗಣೆಯ ಪ್ರೋಟೀನು ಹೀಗೆ ಜಾಗ ಬದಲಿಸುತ್ತದೆ ಎಂದು 1980ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಮೊದಲೇ ಹೊರಗೆ ಬಂದು ಕೂತಿದ್ದರೆ ನಮಗೆ ವ್ಯತ್ಯಾಸ ಕಾಣುವುದು ಹೇಗೆ?

ಆಮೇಲೆ 100 ನ್ಯಾನೊಮೋಲಾರ್ ಇನ್ಸುಲಿನ್. ಒಂದೆರಡು ಗಂಟೆಯ ಮೀಡಿಯಾ ತೆಗೆದಿಟ್ಟು ಎಲೈಸಾ ಎಂಬ ಪರೀಕ್ಷೆಯಲ್ಲಿ ಅಡಿಪೊನೆಕ್ಟಿನ್ ಅಳೆಯುತ್ತೇನೆ. ಸೀರಮ್‌ನಲ್ಲೂ ಅಡಿಪೊನೆಕ್ಟಿನ್ ಇರುತ್ತದೆ, ಅದಕ್ಕೇ ಇಲ್ಲಿಯೂ ಸೀರಮ್ ಬೇಡ. ಅದೇ ವೆಲ್‌ಗೆ ಇನ್ಸುಲಿನ್ ಜೊತೆ ಗ್ಲೂಕೋಸನ್ನು ಹೋಲುವ 2-ಡಿಆಕ್ಸಿಗ್ಲೂಕೋಸ್ ಹಾಕುತ್ತೇನೆ. ಇದು ಒಳಗೆ ಹೋಗಿ ಫಾಸ್ಫೇಟ್ ಅಂಟಿಸಿಕೊಂಡು ಅಲ್ಲೇ ಉಳಿಯುತ್ತದೆ, ಹಾಗಾಗಿ ಅಳೆಯಬಹುದು. ಒಂದು ವೆಲ್‌ಗೆ ಹೋಲಿಕೆಗೆಂದು ಸೈಟೊಕಲಾಸಿನ್ ಬಿ ಹಾಕಿ ಸಕ್ಕರೆಯ ಸಾಗಣೆ ತಡೆಯುವುದನ್ನು ಯಾವತ್ತೂ ಬಿಡುವುದಿಲ್ಲ.

ಇನ್ಸುಲಿನ್ನಿನ ಸಂದೇಶವನ್ನು ಕೋಶದೊಳಗೆ ದಾಟಿಸುವ ಪಿಐ3-ಕೈನೇಸ್ ಎಂಬ ಕಿಣ್ವವನ್ನು ತಡೆಯುವ ವರ್ಟ್‌ಮ್ಯಾನಿನ್ ಕೊಟ್ಟರೆ ಇನ್ಸುಲಿನ್ನಿಂದ ಏರಬೇಕಾದ ಎರಡೂ ಲೆಕ್ಕ ಕುಸಿಯುತ್ತವೆ. ಹಾಗೆಂದು ಗ್ಲುಟ್4, ಅಡಿಪೊನೆಕ್ಟಿನ್ ಎರಡೂ ಕೋಶದೊಳಗಿನ ಒಂದೇ ಗೂಡಿನಿಂದ ಬರುತ್ತವೆ ಎನ್ನುವಂತಿಲ್ಲ. ಬೋಗನ್ ಮತ್ತು ಲೋಡಿಶ್ ಎಂಬ ವಿಜ್ಞಾನಿಗಳು 1999ರಲ್ಲೇ ಆ ಗೂಡುಗಳು ಬೇರೆಬೇರೆ ಎಂದು ತೋರಿಸಿದ್ದಾರೆ. ಇನ್ಸುಲಿನ್ ತೊಳೆದರೆ ಗ್ಲುಟ್4 ಮತ್ತೆ ಒಳಗೆ ಹೋಗುತ್ತದೆ. ಹೊರಬಿದ್ದ ಅಡಿಪೊನೆಕ್ಟಿನ್ ಮೀಡಿಯಾದಲ್ಲೇ ಉಳಿಯುತ್ತದೆ. ಆದ್ದರಿಂದ ಒಂದರ ಅಂಕಿ ನೋಡಿ ಇನ್ನೊಂದನ್ನು ನಾನು ಊಹಿಸುವುದಿಲ್ಲ. ಎರಡನ್ನೂ ಆಯಾ ವೆಲ್‌ನ ಒಟ್ಟು ಪ್ರೋಟೀನಿನಿಂದ ಭಾಗಿಸಿ ಬೇರೆಬೇರೆ ಬರೆದಿಡುತ್ತೇನೆ.