ಹಲಗೆ ಮುಚ್ಚಿಗೆಯ ಮನೆಗೆ ಎಲ್‌ಇಡಿ ಡೌನ್‌ಲೈಟ್: ನನ್ನ ಅನುಭವ

ನಮ್ಮದು ಮಡಿಕೇರಿ ಹತ್ತಿರದ ಹೆಂಚಿನ ಮನೆ, ಒಳಗೆ ಹಲಗೆಯ ಮುಚ್ಚಿಗೆ. ಅದರಲ್ಲಿ ಕೂರಿಸಿದ್ದ 50 ವ್ಯಾಟ್ ಹ್ಯಾಲೋಜನ್ ಲೈಟುಗಳನ್ನೆಲ್ಲ ತೆಗೆಸಿ ಎಲ್‌ಇಡಿ ಹಾಕಿಸಿದೆವು. ಬಿಲ್ಲಿಗಿಂತ ಜಾಸ್ತಿ ನನಗೆ ಭಯವಿದ್ದದ್ದು ಬಿಸಿಯದ್ದು. ಹ್ಯಾಲೋಜನ್ ಎಳೆಯುವ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಹಳೇ ಲೈಟೊಂದನ್ನು ಕೆಳಗಿಳಿಸಿದರೆ ತೂತಿನ ಸುತ್ತ ಹಲಗೆ ಕಪ್ಪಾಗಿತ್ತು. ವೈರನ್ನು ಸ್ವಲ್ಪ ಬಗ್ಗಿಸಿದ್ದೇ ತಡ, ಮೇಲಿನ ಪ್ಲಾಸ್ಟಿಕ್ ಪುಡಿಯಾಗಿ ಉದುರಿತು. ಅಟ್ಟದಲ್ಲಿ ನೋಡಿದರೆ ಪಕ್ಕದಲ್ಲೇ ಒಣಗಿದ ಇಲಿ ಗೂಡು. ಇಂಥ ಮನೆ ಇರುವವರು ದಯವಿಟ್ಟು ಒಮ್ಮೆ ಅಟ್ಟ ಹತ್ತಿ ನೋಡಿ.

ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿದ ಮೇಲೇ ಎಲೆಕ್ಟ್ರಿಷಿಯನ್ ಕೈ ಹಾಕಿದರು. ಸುಟ್ಟ ವೈರೆಲ್ಲ ಬದಲಾಯಿತು. ಹ್ಯಾಲೋಜನ್ನಿನ 12 ವೋಲ್ಟ್ ಟ್ರಾನ್ಸ್‌ಫಾರ್ಮರುಗಳನ್ನೂ ತೆಗೆಸಿದೆವು. ಅವನ್ನೇ ಉಳಿಸಿಕೊಂಡು ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ ಎಷ್ಟೋ ಸಲ ಮಿಣಮಿಣ ಅನ್ನುತ್ತದೆ.

ಅಂಗಡಿಗೆ ಹೋಗುವ ಮೊದಲು ತೂತಿನ ಅಗಲ, ಹಲಗೆಯ ದಪ್ಪ ಎರಡನ್ನೂ ಅಳೆದುಕೊಳ್ಳಿ. ಬಾಕ್ಸಿನ ಮೇಲೆ ಕಟೌಟ್ (ಬೇಕಾದ ತೂತಿನ) ಅಳತೆ ಮಿಲಿಮೀಟರಿನಲ್ಲಿ ಇರುತ್ತದೆ. ಲೈಟಿನ ಸ್ಪ್ರಿಂಗ್ ಕ್ಲಿಪ್ಪುಗಳು ಸಾಮಾನ್ಯವಾಗಿ ಜಿಪ್ಸಮ್ ಬೋರ್ಡಿನಂಥ ತೆಳು ಸೀಲಿಂಗಿಗೆ ಮಾಡಿದವು. ದಪ್ಪ ಹಲಗೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ನಮ್ಮಲ್ಲಿ ಮೇಲ್ಗಡೆಯಿಂದ ತೂತಿನ ಅಂಚನ್ನು ಸ್ವಲ್ಪ ಕೆತ್ತಿಸಬೇಕಾಯಿತು.

50 ವ್ಯಾಟಿನ ಜಾಗಕ್ಕೆ 7 ವ್ಯಾಟ್ ಸಾಕಾಯಿತು. ಹಾಲ್‌ಗೆ 3000 ಕೆಲ್ವಿನ್ (ಇದು ಬೆಳಕಿನ ಬಣ್ಣದ ಅಳತೆ) ಹಾಕಿದೆವು. ಹಳೇ ಮರದ ಬಣ್ಣ ಆ ಹಳದಿ ಬೆಳಕಿನಲ್ಲೇ ಚೆಂದ, 6500ರ ಬಿಳಿ ಬೆಳಕಲ್ಲಿ ಹಲಗೆ ಬೂದಿ ಬಳಿದಂತೆ ಕಾಣುತ್ತದೆ. ಅಡುಗೆಮನೆಗೆ 4000. ಬಚ್ಚಲಿಗೆ ಐಪಿ65, ಅಂದರೆ ನೀರು ಎರಚಿದರೂ ಒಳಗೆ ಹೋಗದಂಥದ್ದು.

ಇನ್ನು ಡ್ರೈವರ್, ಅಂದರೆ ಮನೆಯ ಕರೆಂಟನ್ನು ಲೈಟಿಗೆ ಹೊಂದುವಂತೆ ಬದಲಾಯಿಸಿ ಕೊಡುವ ಪುಟ್ಟ ಡಬ್ಬಿ. ಎಲ್‌ಇಡಿ ಚಿಪ್ಪಿಗಿಂತ ಮೊದಲು ಕೈಕೊಡುವುದು ಹೆಚ್ಚಾಗಿ ಇದೇ. ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ, ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು, ಆಮೇಲೆ ತಿಂಗಳುಗಟ್ಟಲೆ ಥಂಡಿ. ಅದಕ್ಕೇ ಡ್ರೈವರ್ ಬೇರೆ ಇರುವ, 100ರಿಂದ 300 ವೋಲ್ಟ್ ತಡೆಯುವ ಲೈಟನ್ನೇ ಹುಡುಕಿ ತಂದೆ. ಕೆಟ್ಟರೆ ಡ್ರೈವರ್ ಒಂದನ್ನೇ ಬದಲಾಯಿಸಬಹುದು, ಅಲ್ವಾ? ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಸಾಧನ) ಕೂರಿಸಿದೆವು. ಅರ್ಥಿಂಗ್ ಸರಿ ಇಲ್ಲದೆ ಅದನ್ನು ಸುಮ್ನೆ ಹಾಕಿಸಿ ಪ್ರಯೋಜನವಿಲ್ಲ, ಹಾಗಾಗಿ ಅರ್ಥಿಂಗನ್ನೂ ಹೊಸದಾಗಿ ಮಾಡಿಸಿದೆವು.

ಎಲ್ಲ ಮುಗಿದ ಮೇಲೆ ಒಂದು ಕೋಣೆಯಲ್ಲಿ ಸ್ವಿಚ್ ಆಫ್ ಮಾಡಿದರೂ ಲೈಟ್ ಮಂಕಾಗಿ ಉರಿಯುತ್ತಿತ್ತು. ಬಿಚ್ಚಿ ನೋಡಿದರೆ ಹಳೇ ವೈರಿಂಗಿನಲ್ಲಿ ಸ್ವಿಚ್ಚಿಗೆ ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಕೊಟ್ಟಿದ್ದರು. ಅಂದರೆ ಆಫ್ ಮಾಡಿದರೂ ಲೈಟಿನಲ್ಲಿ ಕರೆಂಟ್ ಇರುತ್ತದೆ. ಇದು ಅಪಾಯ, ತಕ್ಷಣ ಸರಿಪಡಿಸಿ.

ಒಂದೆರಡು ಡ್ರೈವರ್ ಜಾಸ್ತಿ ತಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಪೇಟೆಗೆ ಹೋಗಿ ತರುವುದು ಕಷ್ಟ.