ಕೊನೆಯ ಪದಕ್ಕಾಗಿ ಕಾಯುವ ಸಭೆ

ರಕ್ತದಾನದ ಬಗ್ಗೆ ಸಭೆಗಳಲ್ಲಿ ಮಾತನಾಡಲು ಆರಂಭಿಸಿದ ದಿನಗಳಲ್ಲಿ ನನ್ನ ಒಂದು ಭಾಷಣವನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಮನೆಗೆ ಬಂದು ಒಂದಕ್ಷರ ಬಿಡದೆ ಬರೆದುಕೊಂಡೆ. ಮೊದಲ ವಾಕ್ಯವೇ ಹೀಗಿತ್ತು: “ಅಪಘಾತದಲ್ಲಿ ಗಾಯಗೊಂಡು, ಆಸ್ಪತ್ರೆಗೆ ದಾಖಲಾಗಿ, ಹೊಂದುವ ಗುಂಪಿನ ರಕ್ತ ಸಿಗದೆ ಒದ್ದಾಡುವ ರೋಗಿಗಳಿಗೆ ನೆರವಾಗುವ ಉದ್ದೇಶದಿಂದ ನಾವೆಲ್ಲರೂ ಸ್ವಯಂಪ್ರೇರಣೆಯಿಂದ ಮುಂದೆ ಬಂದು ರಕ್ತದಾನ ಮಾಡುವುದು ಅವಶ್ಯಕವಾಗಿರುತ್ತದೆ.”

ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅದು ಬರುವ ತನಕ ಕೇಳುಗರು ಉಳಿದದ್ದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡಿರಬೇಕು. ಓದುವವರು ಮತ್ತೊಮ್ಮೆ ಹಿಂದಿನ ಸಾಲಿಗೆ ಕಣ್ಣು ಹಾಯಿಸಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ. ಅಷ್ಟು ಹೊತ್ತು ಕಾಯಿಸಿ ನಾನು ಅವರ ಕೈಗಿತ್ತದ್ದು ‘ಅವಶ್ಯಕವಾಗಿರುತ್ತದೆ’!

ಆ ವಾಕ್ಯವನ್ನು ಒಡೆದು ಕಟ್ಟಲು ಒಂದು ಸಂಜೆಯೇ ಹಿಡಿಯಿತು. ಕೊನೆಗೆ ಉಳಿದದ್ದು ಇಷ್ಟು: “ಹಾಸಿಗೆ ಇದೆ. ವೈದ್ಯರು ಇದ್ದಾರೆ. ಔಷಧಿ ಇದೆ. ರಕ್ತ ಇಲ್ಲ.” ಕಿವಿ ‘ಇದೆ’ಗೆ ಒಗ್ಗಿಕೊಂಡಿರುವಾಗಲೇ ‘ಇಲ್ಲ’ ಬಂದು ಬಡಿಯುತ್ತದೆ. ಮುಂದಿನ ಸಭೆಯಲ್ಲಿ ಆ ಪದ ಹೇಳಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನೆ ನಿಂತೆ. ಹಿಂದಿನ ಸಾಲಿನ ಪಿಸುಮಾತು ನಿಂತುಹೋಯಿತು.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ‘ನನಗೊಂದು ಕನಸಿದೆ’ ಎಂದು ಮತ್ತೆ ಮತ್ತೆ ಹೇಳಿದಾಗ ಆ ಮಾತು ವಾಕ್ಯದ ತಲೆಯಲ್ಲಿತ್ತು. ಇಂಗ್ಲಿಷಿನ ಜಾಯಮಾನಕ್ಕೆ ಅದು ಒಪ್ಪುತ್ತದೆ. ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನದಲ್ಲಿ ಏಳು ಸಲ ‘ಬೇಡ’ ಬರುತ್ತದೆ, ಏಳು ಸಲವೂ ಮಾತಿನ ತುದಿಯಲ್ಲಿ. ಕನ್ನಡದಲ್ಲಿ ಪುನರುಕ್ತಿಗೆ ಬಲ ಬರುವ ಜಾಗ ಅದೇ ಎಂದು ನಾನು ನಂಬಿದ್ದೇನೆ. ಏಳರವರೆಗೆ ಎಳೆಯುವ ಶಕ್ತಿ ನನ್ನ ಗದ್ಯಕ್ಕಿಲ್ಲ, ಮೂರಕ್ಕೆ ನಿಲ್ಲಿಸುತ್ತೇನೆ.

ಕ್ರಿಯಾಪದದ ಬಾಲವನ್ನೂ ಗಮನಿಸತೊಡಗಿದೆ. ‘ಮಾಡಬೇಕು’ ಎಂದರೆ ಉಪದೇಶ. ‘ಮಾಡಲಾಗುವುದು’ ಎಂದರೆ ಮಾಡುವವರು ಯಾರೆಂದೇ ತಿಳಿಯುವುದಿಲ್ಲ. ‘ಮಾಡೋಣ’ ಎಂದಾಗ ಮಾತ್ರ ನಾನೂ ಅವರ ಸಾಲಿನಲ್ಲಿ ನಿಂತಿರುತ್ತೇನೆ. ನಾನೇ ರಕ್ತ ಕೊಟ್ಟಿರದಿದ್ದರೆ ಆ ಪದ ಬಳಸುವ ಹಕ್ಕು ನನಗಿರುತ್ತಿರಲಿಲ್ಲ.

ಈಗ ಚೀಟಿಯಲ್ಲಿ ಪೂರ್ತಿ ವಾಕ್ಯ ಬರೆದುಕೊಳ್ಳುವುದಿಲ್ಲ. ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಒಂದರ ಕೆಳಗೊಂದು ಬರೆಯುತ್ತೇನೆ. ಸಾಲಾಗಿ ‘ಆಗಿರುತ್ತದೆ’, ‘ಆಗಿರುತ್ತದೆ’ ಎಂದು ಕಂಡರೆ ಆ ಭಾಗವನ್ನು ಹೊಡೆದುಹಾಕಿ ಮತ್ತೆ ಕೂರುತ್ತೇನೆ.